ಮಣಿ ಕೊಟ್ಟ ವಿಳಾಸ

‘ಮಾಲ್ಗುಡಿ ಡೇಸ್’ ಧಾರಾವಾಹಿಯ ಮಣಿ ನಿಮಗೆ ನೆನಪಿದ್ದಾನೆಯೇ? ಸ್ವಾಮಿ ಎಲ್ಲರಿಗೂ ನೆನಪಿದ್ದಾನೆ. ಮಾಸ್ಟರ್ ಮಂಜುನಾಥನ ಆ ಮುಖವನ್ನೂ ಎಲ್. ವೈದ್ಯನಾಥನ್ ಅವರ ಆ ರಾಗವನ್ನೂ ಮರೆಯುವವರುಂಟೇ? 1986-87ರಲ್ಲಿ ದೂರದರ್ಶನದಲ್ಲಿ ಅದು ಬರುತ್ತಿದ್ದಾಗ ನಾನು ಚಿಕ್ಕ ಹುಡುಗ. ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲ. ಇದ್ದವರ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ನೋಡುತ್ತಿದ್ದೆವು. ಹಿಂದಿ ಅರ್ಧ ತಿಳಿಯುತ್ತಿರಲಿಲ್ಲ. ಆದರೆ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಆ ಮಳೆ, ಆ ಹೆಂಚಿನ ಮನೆ, ಆ ಮೇಷ್ಟ್ರ ಬೆತ್ತ ಇವಕ್ಕೆ ಯಾವ ಭಾಷೆಯೂ ಬೇಕಾಗಿರಲಿಲ್ಲ.

ಮಣಿ ಆ ಕಥೆಯ ಖಳನಾಯಕ. ಖಳನಾಯಕ ಎಂದರೆ ದೊಡ್ಡ ಮಾತಾಯಿತು, ನಗು ಬರಿಸುವ ಪುಂಡ ಎನ್ನೋಣ. ಕೊನೆಯ ಬೆಂಚಿನವನು. ಪಾಠ ತಲೆಗೆ ಹತ್ತದವನು. ದೊಣ್ಣೆಯ ಮಾತೆತ್ತದೆ ಅವನಿಗೆ ಮಾತು ಮುಗಿಯುವುದಿಲ್ಲ, ಯಾರ ಮೂಳೆ ಮುರಿಯಲಿ ಎಂದು ಕಾಯುತ್ತಿರುತ್ತಾನೆ. ರಾಜಂ ಎಂಬ ಹೊಸ ಹುಡುಗ ಶಾಲೆಗೆ ಸೇರಿದಾಗ ಅವನನ್ನು ಸರಯೂ ನದಿಗೆ ಎಸೆದುಬಿಡುತ್ತೇನೆಂದು ಹೊರಟು ಕೊನೆಗೆ ಅವನ ಸ್ನೇಹಿತನೇ ಆದವನು. ನಾವು ಹುಡುಗರು ಸ್ವಾಮಿಯನ್ನು ಪ್ರೀತಿಸಿದೆವು, ಮಣಿಯನ್ನು ನೋಡಿ ನಕ್ಕೆವು.

ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದಾಗ ಗ್ರಂಥಾಲಯದಲ್ಲಿ ಮೂಲ ಕಾದಂಬರಿ ಸಿಕ್ಕಿತು. ನಮ್ಮ ಮೈಸೂರಿನಲ್ಲೇ ದಶಕಗಳ ಕಾಲ ಬಾಳಿದ ಆರ್.ಕೆ. ನಾರಾಯಣ್ 1935ರಲ್ಲಿ ಪ್ರಕಟಿಸಿದ ‘ಸ್ವಾಮಿ ಅಂಡ್ ಫ್ರೆಂಡ್ಸ್’. ಅದರ ಕೊನೆಯ ಅಧ್ಯಾಯವನ್ನು ಪುಸ್ತಕದಲ್ಲಿರುವಂತೆಯೇ ಹೇಳುತ್ತೇನೆ. ಕ್ರಿಕೆಟ್ ಪಂದ್ಯಕ್ಕೆ ಸ್ವಾಮಿ ಬರಲಿಲ್ಲ, ತಂಡ ಸೋತಿತು, ರಾಜಂ ಮಾತು ಬಿಟ್ಟ. ಅಷ್ಟರಲ್ಲಿ ರಾಜಂನ ತಂದೆಗೆ ಬೇರೆ ಊರಿಗೆ ವರ್ಗ. ರೈಲು ಹೊರಡುವ ದಿನ ಸ್ವಾಮಿ ಒಂದು ಕಥೆಪುಸ್ತಕವನ್ನು ಕೈಯಲ್ಲಿ ಹಿಡಿದು ನಿಲ್ದಾಣಕ್ಕೆ ಬರುತ್ತಾನೆ. ರಾಜಂ ಅವನೊಡನೆ ಒಂದು ಮಾತೂ ಆಡುವುದಿಲ್ಲ. ರೈಲು ಅಲುಗಿದಾಗ ಮಣಿಯೇ ಆ ಪುಸ್ತಕವನ್ನು ತೆಗೆದುಕೊಂಡು, ಬೋಗಿಯ ಪಕ್ಕದಲ್ಲಿ ಓಡಿ, ಇದು ಸ್ವಾಮಿ ಕೊಟ್ಟದ್ದು ಎಂದು ಕೂಗಿ ಹೇಳಿ ರಾಜಂನ ಕೈಗೆ ಮುಟ್ಟಿಸುತ್ತಾನೆ. ರೈಲು ಮರೆಯಾದ ಮೇಲೆ ಸ್ವಾಮಿ ಅಳುತ್ತಾ ಮಣಿಯನ್ನು ಕೇಳುತ್ತಾನೆ: ಅವನಿಗೆ ನನ್ನ ಮೇಲೆ ಈಗ ಕೋಪವಿಲ್ಲ ಅಲ್ಲವೇ? ಕಾಗದ ಬರೆಯುತ್ತಾನೆ ಅಲ್ಲವೇ? ನನ್ನ ವಿಳಾಸ ಅವನಿಗೆ ಗೊತ್ತಿಲ್ಲವಲ್ಲ? ಮಣಿ ಹೇಳುತ್ತಾನೆ, ವಿಳಾಸ ಕೊಟ್ಟಿದ್ದೇನೆ ಎಂದು. ಹಾಗಾದರೆ ನನ್ನ ವಿಳಾಸವೇನು ಹೇಳು ಎಂದರೆ ಮಣಿ ತಡವರಿಸುತ್ತಾನೆ. ಆದರೂ ಕೊಟ್ಟಿದ್ದೇನೆ ಎಂದೇ ಹೇಳುತ್ತಾನೆ. ಸ್ವಾಮಿ ಅವನ ಮುಖವನ್ನೇ ದಿಟ್ಟಿಸುತ್ತಾನೆ. ತಮಾಷೆಯೋ ನಿಜವೋ ತಿಳಿಯುವುದಿಲ್ಲ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ನಾರಾಯಣ್ ಆ ಗೆಳೆಯನಿಗೆ ಇಟ್ಟ ಹೆಸರು ರಾಜಂ. ಅವರ ಪತ್ನಿಯ ಹೆಸರೂ ರಾಜಂ. ಪುಸ್ತಕ ಬಂದ ನಾಲ್ಕು ವರ್ಷಕ್ಕೆ, 1939ರಲ್ಲಿ, ಆಕೆ ವಿಷಮಶೀತ ಜ್ವರದಿಂದ ತೀರಿಕೊಂಡರು. ಆ ದುಃಖವನ್ನು ಅವರು 1945ರ ‘ದಿ ಇಂಗ್ಲಿಷ್ ಟೀಚರ್’ನಲ್ಲಿ ಬರೆದರು. ಹಾಗಾಗಿ ಈಗ ಆ ರೈಲು ನಿಲ್ದಾಣದ ಪುಟ ಓದುವಾಗ, ಬರೆದವರಿಗೇ ಆಗ ತಿಳಿಯದಿದ್ದ ಒಂದು ಭಾರ ಅದರ ಮೇಲೆ ಕೂತಂತೆ ನನಗೆ ತೋರುತ್ತದೆ.

ಇನ್ನೊಂದು ಮಾತನ್ನೂ ನಾಚಿಕೆಯಿಂದಲೇ ಹೇಳಬೇಕು. ಆ ಪುಸ್ತಕದಲ್ಲಿ ಇನ್ನೊಬ್ಬ ಖಳನಿದ್ದಾನೆ: ಮಿಷನ್ ಶಾಲೆಯಲ್ಲಿ ಬೈಬಲ್ ಪಾಠ ಹೇಳುವ ಎಬೆನೇಜರ್ ಮೇಷ್ಟ್ರು. ಮಕ್ಕಳ ಮುಂದೆ ಹಿಂದೂ ದೇವರುಗಳನ್ನು ಹಳಿಯುತ್ತಾ, ಎದುರು ಮಾತಾಡಿದ ಸ್ವಾಮಿಯ ಕಿವಿ ಹಿಂಡುತ್ತಾರೆ. ಲೇಖಕರು ಮಣಿಗೆ ಒಂದು ಕೊನೆಯ ಪುಟ ಕೊಟ್ಟರು, ಈ ಮೇಷ್ಟ್ರಿಗೆ ಕೊಡಲಿಲ್ಲ. ಅದೇ ಪಾಠವನ್ನು ಹೇಳುವ ಕೆಲಸದಲ್ಲಿರುವ ನನಗೆ ಅದು ಚುಚ್ಚುತ್ತದೆ. ಆದರೆ ಕೊಡಲೇಬೇಕೆಂದು ಕೇಳುವ ಧೈರ್ಯವೂ ಇಲ್ಲ.

ಮಣಿಯ ವಿಷಯಕ್ಕೆ ಬರೋಣ. ಗೆಳೆಯನ ಅಗಲಿಕೆ ಆ ಪುಂಡನನ್ನು ಬದಲಾಯಿಸಿತೇ? ಅಥವಾ ಮೊದಲಿನಿಂದಲೂ ಇದ್ದದ್ದನ್ನು ತೋರಿಸಿತೇ? ಮನೆಗಳಲ್ಲಿ ನಾವು ಸಾಮಾನ್ಯವಾಗಿ ಹೇಳುವುದು ಮೊದಲನೆಯದನ್ನು: “ಹೆಂಡತಿ ಹೋದ ಮೇಲೆ ಮನುಷ್ಯ ಆದ ನೋಡಿ.” ಈ ಮಾತನ್ನು ನಾನು ಒಪ್ಪುವುದಿಲ್ಲ. ದುಃಖದ ಬೇರು ಪ್ರೀತಿ ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸುತ್ತಾರೆ. ಕಳೆದುಕೊಂಡದ್ದರ ಮೇಲೆ ಪ್ರೀತಿಯೇ ಇಲ್ಲದಿದ್ದರೆ ಅಳಲು ಏನಿದೆ? ಅಂದ ಮೇಲೆ ಇವತ್ತಿನ ಕಣ್ಣೀರು ನಿನ್ನೆಯ ಪ್ರೀತಿಗೆ ಸಾಕ್ಷಿ. ಅದು ಹೊಸದಾಗಿ ಹುಟ್ಟಿದ್ದಲ್ಲ, ನಮಗೆ ಕಾಣದೆ ಇದ್ದದ್ದು.

ನಮ್ಮ ಕನ್ನಡದಲ್ಲಿ ಇದನ್ನು ಸಾವಿರ ವರ್ಷದ ಹಿಂದೆಯೇ ಕಂಡವನು ರನ್ನ. ‘ಗದಾಯುದ್ಧ’ದಲ್ಲಿ ದುರ್ಯೋಧನ ಹೆಣಗಳ ನಡುವೆ ಸಂಜಯನ ಜೊತೆ ನಡೆಯುತ್ತಾನೆ. ಗುರು ದ್ರೋಣ, ತಮ್ಮ ದುಶ್ಶಾಸನ, ಮಗ, ಪ್ರಾಣಸ್ನೇಹಿತ ಕರ್ಣ, ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾನೆ. ತನ್ನವರಿಗಾಗಿ ಅಳುವುದು ದೊಡ್ಡದಲ್ಲ ಎನ್ನುವಿರಾ? ಅವನು ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು ಆ ಹುಡುಗನ ಶೌರ್ಯವನ್ನು ಹೊಗಳುತ್ತಾನೆ, ಅಂಥ ಸಾವು ತನಗೂ ಬರಲೆಂದು ಹಾರೈಸುತ್ತಾನೆ. ಪವಿತ್ರ ಗ್ರಂಥದಲ್ಲಿ ದಾವೀದನೂ ಹಾಗೆಯೇ: ತನ್ನನ್ನು ಬೆಟ್ಟಗುಡ್ಡಗಳಲ್ಲಿ ಬೇಟೆಯಾಡಿದ ಸೌಲ ಸತ್ತನೆಂದು ಕೇಳಿದಾಗ ಬಟ್ಟೆ ಹರಿದುಕೊಂಡು ಅತ್ತ. ಆದರೆ ಹೆರೋದನ ಮಾತೂ ಅಲ್ಲೇ ಇದೆ. ಸ್ನಾನಿಕ ಯೊವಾನ್ನರ ತಲೆ ಕೇಳಿದಾಗ ಅವನಿಗೂ ವ್ಯಥೆಯಾಯಿತು. ವ್ಯಥೆಪಟ್ಟೇ ಆಜ್ಞೆ ಕೊಟ್ಟ. ದುಃಖವು ಒಬ್ಬನು ಮನುಷ್ಯನೆಂದು ತೋರಿಸಬಹುದೇ ಹೊರತು ಒಳ್ಳೆಯವನೆಂದು ತೋರಿಸಲಾರದು. ಈ ಎರಡನ್ನು ಕಲಸಿಕೊಳ್ಳಬಾರದು.

ಇಷ್ಟನ್ನು ನಾನು ಪೀಠದಿಂದಲೂ ಹೇಳಬಲ್ಲೆ, ಹೇಳಿದ್ದೇನೆ ಕೂಡ. ಈಗ ಹೇಳಹೊರಟಿರುವುದು ಪೀಠದಿಂದ ಹೇಳಲಾಗದೆ ಉಳಿದದ್ದು.

ಮೈಸೂರಿನವರಿಗೆ ಒಬ್ಬ ಪರಿಚಿತ ಖಳ ಚಾಮುಂಡಿ ಬೆಟ್ಟದ ಮೇಲೇ ನಿಂತಿದ್ದಾನೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಹಾವು, ದೊಡ್ಡ ಮೀಸೆ, ಬಣ್ಣಬಣ್ಣದ ಉಡುಪು. ಮಹಿಷನನ್ನು ಈ ನಾಡಿನ ಹಳೆಯ ದೊರೆಯೆಂದು ಗೌರವಿಸುವವರೂ ಇದ್ದಾರೆ, ಆ ಚರ್ಚೆ ನನ್ನದಲ್ಲ. ಆದರೆ ಪ್ರವಾಸಕ್ಕೆ ಬಂದ ಮಕ್ಕಳು ಅವನ ಮುಂದೆ ನಿಂತು ಹೆದರುವುದಿಲ್ಲ, ಮೀಸೆ ತಿರುವುವಂತೆ ನಟಿಸಿ, ನಕ್ಕು, ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಮೊದಲು ಇದ್ದ ಧರ್ಮಕೇಂದ್ರದಲ್ಲಿ ಯುವಕರು ಒಬ್ಬ ಹಿರಿಯರಿಗೆ ಗುಟ್ಟಾಗಿ ಇಟ್ಟಿದ್ದ ಹೆಸರು ‘ಮಹಿಷ’.

ಮೀಸೆಯೂ ಇತ್ತು, ಕೋಪವೂ ಇತ್ತು. ಲೆಕ್ಕಪತ್ರದ ಕೆಲಸದಿಂದ ನಿವೃತ್ತರಾದವರು. ಬಲಿಪೂಜೆ ನಾಲ್ಕು ನಿಮಿಷ ತಡವಾದರೆ ನನಗೆ ಚೀಟಿ ಬರುತ್ತಿತ್ತು. ಗಾಯನ ವೃಂದದ ಗಲಾಟೆ, ದೇವಾಲಯದ ಗೋಡೆಗೆ ಒರಗಿಸಿದ ಸೈಕಲ್ಲು, ಹಬ್ಬದ ಲೆಕ್ಕದಲ್ಲಿ ಹೊಂದದ ಹನ್ನೊಂದು ರೂಪಾಯಿ, ಎಲ್ಲಕ್ಕೂ ಒಂದೊಂದು ಅರ್ಜಿ. ಚೆಂಡು ಅವರ ಕಾಂಪೌಂಡಿಗೆ ಬಿದ್ದರೆ ಅದರ ಆಸೆ ಬಿಡಬೇಕು. ಇವರ ಹೆಂಡತಿ ಮಾತ್ರ ಬಹಳ ಮೆತ್ತಗಿನ ಹೆಂಗಸು. ದಪ್ಪ ಗಾಜಿನ ಕನ್ನಡಕ, ಕೈಯಲ್ಲಿ ಸದಾ ಜಪಸರ. ಅಯ್ಯೋ ಪಾಪ, ಇವರ ಜೊತೆ ಹೇಗೆ ಬಾಳುತ್ತಾರೋ ಎಂದು ಎಲ್ಲರೂ ಮರುಗುತ್ತಿದ್ದರು. ನಾನೂ ಮರುಗುತ್ತಿದ್ದೆ.

ಆ ವರ್ಷ ಧರ್ಮಕೇಂದ್ರದ ಹಬ್ಬದ ರಾತ್ರಿ ಯುವಕರು ಒಂದು ಹಾಸ್ಯ ನಾಟಕ ಆಡಿದರು. ಟಿ.ವಿ.ಯ ನಗೆ ಕಾರ್ಯಕ್ರಮಗಳ ಧಾಟಿಯದು. ಅದರಲ್ಲೊಬ್ಬ ಖಳ: ಇದ್ದಿಲಿನ ಮೀಸೆ, ಕತ್ತಿಯ ಬದಲು ಮಡಚಿದ ಕೊಡೆ, ಹಾವಿನ ಬದಲು ಸುರುಳಿ ಸುತ್ತಿದ ಉದ್ದನೆಯ ಅರ್ಜಿ. ಯಾರೆಂದು ಹೇಳಬೇಕಾಗಿರಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನು. ಅವರು ಎದ್ದು ಹೋದರು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೊನೆಯವರೆಗೂ ಕೂತಿದ್ದರು. ಅವರೂ ನಗುತ್ತಿದ್ದಾರೆ ಎಂದುಕೊಂಡೆ. ಊಟದ ಹೊತ್ತಿಗೆ ನನ್ನ ಬಳಿ ಬಂದು ಮೆಲ್ಲನೆ ಹೇಳಿದರು: “ಫಾದರ್, ಮನೇಲಿ ಅವರು ಹೀಗಿಲ್ಲ.” “ಹೌದಾ ಅಮ್ಮಾ?” ಎಂದು ನಕ್ಕು, ತಟ್ಟೆ ಹಿಡಿದು ಮುಂದೆ ಹೋದೆ. ಹಾಗಿಲ್ಲವಾದರೆ ಹೇಗಿದ್ದಾರೆ ಎಂದು ನಾನು ಕೇಳಲಿಲ್ಲ.

ಎಂಟು ತಿಂಗಳ ಮೇಲೆ ಒಂದು ಬೆಳಗ್ಗೆ ಆಕೆಗೆ ಪಾರ್ಶ್ವವಾಯು ಬಡಿಯಿತು. ಮೂರು ದಿನ ಪ್ರಜ್ಞೆ ಬರಲಿಲ್ಲ. ನಾನು ಅಭ್ಯಂಗ ಸಂಸ್ಕಾರಕ್ಕೆ ಹೋದಾಗ ಇವರು ಆಸ್ಪತ್ರೆಯ ಓಣಿಯಲ್ಲಿ, ಫ್ಯಾನು ಕಿರುಗುಟ್ಟುತ್ತದೆ ಎಂದು ಯಾರೊಡನೆಯೋ ಜಗಳಕ್ಕೆ ನಿಂತಿದ್ದರು. ಇಲ್ಲಿಯೂ ಬಿಡಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆ ಸದ್ದಿಗೆ ಅವಳಿಗೆ ನಿದ್ದೆ ಹತ್ತುವುದಿಲ್ಲ ಎಂದು ಅವರು ಹೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಮಣ್ಣು ಮಾಡುವ ದಿನ ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಅವರು ತಡೆದರು. ಕನ್ನಡಕವೆಲ್ಲಿ? ಕನ್ನಡಕವಿಲ್ಲದೆ ಅವಳಿಗೆ ಏನೂ ಕಾಣುವುದಿಲ್ಲ. ಬಂಧುಗಳು ಸಮಾಧಾನ ಹೇಳಿದರು, ಹೊತ್ತಾಯಿತು ಎಂದರು. ನಾನೂ ಗಡಿಯಾರ ನೋಡಿಕೊಂಡೆ. ಅವರು ಅಲುಗಲಿಲ್ಲ, ಕೂಗಲೂ ಇಲ್ಲ. ಆ ಮೀಸೆ ಅಲ್ಲಾಡುತ್ತಿತ್ತು. ಯುವಕರು ಮನೆಯೆಲ್ಲ ಹುಡುಕಿದರು. ಕೊನೆಗೆ ಪ್ರಾರ್ಥನೆಯ ಪುಸ್ತಕದ ನಡುವೆ ಸಿಕ್ಕಿತು. ಹುಡುಕಿ ತಂದವನು ಹಬ್ಬದ ದಿನ ಇದ್ದಿಲಿನ ಮೀಸೆ ಬರೆದುಕೊಂಡಿದ್ದ ಹುಡುಗನೇ. ಇವರು ಅದನ್ನು ಅಂಗಿಯ ಅಂಚಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ಒರೆಸಿ ಆಕೆಗೆ ತೊಡಿಸಿದರು. ಎಷ್ಟೋ ವರ್ಷಗಳಿಂದ ದಿನವೂ ಮಾಡಿ ಕೈ ಪಳಗಿದ ಕೆಲಸವೆಂದು ನೋಡಿದವರಿಗೆಲ್ಲ ತಿಳಿಯಿತು.

ಅಂದು ರಾತ್ರಿ ಬಂಧುಗಳು ಹೋದ ಮೇಲೆ ಅವರು ನನ್ನನ್ನು ಕೇಳಿದರು. ಆ ಬೆಳಗ್ಗೆ ಕಾಫಿ ಆರಿತ್ತಂತೆ, ಅವರು ಗದರಿದ್ದರಂತೆ. ಆಕೆಗೆ ಅವರು ಆಡಿದ ಕೊನೆಯ ಮಾತು ಅದೇ. “ಫಾದರ್, ನೀವು ಎಣ್ಣೆ ಹಚ್ಚುವಾಗ ಅವಳು ಏನಾದರೂ ಹೇಳಿದಳಾ? ನನ್ನ ಮೇಲೆ ಕೋಪ ಇತ್ತಾ?”

ನಾನು ಹೇಳಿದೆ: “ಇಲ್ಲ. ಕೋಪ ಇರಲಿಲ್ಲ. ನನ್ನ ಕೈ ಹಿಡಿದುಕೊಂಡರು.”

ಆಕೆಯ ಬೆರಳುಗಳು ನನ್ನ ಬೆರಳಿನ ಮೇಲೆ ಒಮ್ಮೆ ಮಡಚಿದ್ದವು, ಅದು ನಿಜ. ಪ್ರಜ್ಞೆಯಿಲ್ಲದವರ ಕೈ ತಾನಾಗಿಯೇ ಹಾಗೆ ಮಡಚಬಹುದು, ಅದೂ ನಿಜ. ಕೋಪವಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ವಿಳಾಸ ಗೊತ್ತಿಲ್ಲದೆಯೇ ಕೊಟ್ಟಿದ್ದೇನೆ ಎಂದ ಮಣಿಯ ಪಕ್ಕದಲ್ಲೇ ನಾನೂ ನಿಂತಿದ್ದೆ.

ಇದು ಸುಳ್ಳೇ? ಸಂತ ಅಗಸ್ಟೀನರು 420ರ ಸುಮಾರಿನಲ್ಲಿ ಸುಳ್ಳಿನ ವಿರುದ್ಧವೇ ಒಂದು ಗ್ರಂಥ ಬರೆದರು. ಅದರಲ್ಲಿ ಸರಿಯಾಗಿ ಇಂಥದೇ ಒಂದು ಪ್ರಸಂಗವಿದೆ. ಸಾಯುವ ಸ್ಥಿತಿಯಲ್ಲಿರುವ ರೋಗಿ, ಅವನ ಒಬ್ಬನೇ ಮಗ ಆಗಲೇ ಸತ್ತಿದ್ದಾನೆ. ಮಗ ಬದುಕಿದ್ದಾನೆಯೇ ಎಂದು ಅವನು ಕೇಳುತ್ತಾನೆ. ನಿಜ ಹೇಳಿದರೆ ಆ ಆಘಾತಕ್ಕೆ ಅವನೂ ಹೋಗಬಹುದು. ಏನು ಹೇಳುವಿರಿ? ಅಗಸ್ಟೀನರು ಕಲ್ಲುಹೃದಯದವರಲ್ಲ, ಈ ಪ್ರಶ್ನೆ ತಮ್ಮನ್ನೂ ಅಲುಗಿಸುತ್ತದೆ ಎಂದು ಒಪ್ಪಿಕೊಳ್ಳುತ್ತಾರೆ. ಆದರೂ ಸುಳ್ಳು ಕೂಡದು ಎಂಬಲ್ಲಿಗೇ ಬರುತ್ತಾರೆ. ಅಕ್ವಿನಾಸರು ಸ್ವಲ್ಪ ಮೃದು: ಕೇಡಿನ ಸುಳ್ಳು ಬೇರೆ, ತಮಾಷೆಯ ಸುಳ್ಳು ಬೇರೆ, ಉಪಕಾರದ ಸುಳ್ಳು ಬೇರೆ. ಕೊನೆಯವೆರಡು ಸಾಮಾನ್ಯವಾಗಿ ಲಘುಪಾಪ. ಲಘು, ಆದರೂ ಪಾಪ. ಗುರುಮಠದ ಪರೀಕ್ಷೆಯಲ್ಲಿ ಇದನ್ನು ಬರೆದು ನಾನು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ.

ಆ ರಾತ್ರಿ ಹೇಳಿದ್ದಕ್ಕಾಗಿ ನನಗೆ ಅಷ್ಟೇನೂ ಭಯವಿಲ್ಲ, ಲಘುವಾದದ್ದನ್ನು ಲಘುವೆಂದೇ ನಿವೇದಿಸಿಕೊಂಡೆ. ನನ್ನನ್ನು ಕಾಡಿದ್ದು ಬೇರೆ. ಕೆಲವು ವಾರ ಕಳೆದ ಮೇಲೆ, ಪಾತ್ರೆಪರಡಿಯ ಸದ್ದಿನ ನಡುವೆ ಊಟ ಮಾಡುತ್ತಿದ್ದಾಗ, ಇದ್ದಕ್ಕಿದ್ದಂತೆ ನೆನಪಾಯಿತು: ಮನೇಲಿ ಅವರು ಹೀಗಿಲ್ಲ. ಆಕೆ ನನಗೆ ಸ್ಪಷ್ಟವಾಗಿ, ಸ್ವಸ್ಥ ಮನಸ್ಸಿನಿಂದ, ಗಂಡನ ಪರವಾಗಿ ಸಾಕ್ಷಿ ಹೇಳಿದ್ದರು. ಅವರು ಕೇಳಿದ ಪ್ರಶ್ನೆಗೆ ಉತ್ತರ ನನ್ನ ಬಳಿಯೇ ಇತ್ತು. ಸುಳ್ಳಲ್ಲದ ಉತ್ತರ. ಅಗಸ್ಟೀನರೂ ಒಪ್ಪುವಂಥದ್ದು. ಅದು ಆ ರಾತ್ರಿ ನನ್ನ ಬಾಯಿಗೆ ಬರಲಿಲ್ಲ, ಏಕೆಂದರೆ ಅವರು ಹೇಳಿದಾಗ ನಾನು ನಗುತ್ತಿದ್ದೆ.

ಓದುಗರೇ, ನಿಮ್ಮ ಓಣಿಯಲ್ಲೂ ಒಬ್ಬ ಮಹಿಷ ಇದ್ದಾನು. ಅತ್ತೆಯಾಗಿರಬಹುದು, ಮೇಲಧಿಕಾರಿಯಾಗಿರಬಹುದು, ಮನೆಯ ಮಾಲೀಕನಾಗಿರಬಹುದು. ಸಂಜೆ ಧಾರಾವಾಹಿಯ ಖಳ ತಾಯಿಯನ್ನು ಕಳೆದುಕೊಂಡು ಅತ್ತರೆ ನಮ್ಮ ಕಣ್ಣೂ ಒದ್ದೆಯಾಗುತ್ತದೆ. ಅಗಸ್ಟೀನರು ತಮ್ಮ ಯೌವನದಲ್ಲಿ ಕಾರ್ಥೇಜಿನ ನಾಟಕಶಾಲೆಯಲ್ಲಿ ಹಾಗೆಯೇ ಅಳುತ್ತಿದ್ದರಂತೆ. ಎದ್ದು ಹೋಗಿ ನೆರವಾಗಬೇಕೆಂದು ಕೇಳದ ಈ ಕರುಣೆ ಎಂಥ ಕರುಣೆ ಎಂದು ಆಮೇಲೆ ತಮ್ಮನ್ನೇ ಪ್ರಶ್ನಿಸಿಕೊಂಡರು. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು. ಒಬ್ಬ ಮನುಷ್ಯನನ್ನು ಮನುಷ್ಯನೆಂದು ಒಪ್ಪಲು ಅವನು ನಮ್ಮ ಮುಂದೆ ಅಳಲೇಬೇಕೇ? ಕನ್ನಡಕ ಹುಡುಕಿದ ಆ ಅರ್ಧ ಗಂಟೆ ಇರದಿದ್ದರೆ ಅವರು ನಮಗೆ ಇವತ್ತಿಗೂ ಮೀಸೆ ಮತ್ತು ಅರ್ಜಿ ಮಾತ್ರ ಆಗಿರುತ್ತಿದ್ದರು. ದುಃಖವನ್ನು ಯಾರಿಗೂ ತೋರಿಸದೆ ಬಾಗಿಲು ಮುಚ್ಚಿಕೊಂಡು ಅಳುವವರ ಗತಿಯೇನು? ಲಾಜರನ ಸಮಾಧಿಗೆ ಹೋಗುವಾಗ ಯೇಸುಸ್ವಾಮಿ ಕಣ್ಣೀರಿಟ್ಟಾಗ, ಇವನಿಗೆ ಅವನ ಮೇಲೆ ಎಷ್ಟು ಪ್ರೀತಿ ಎಂದು ನೆರೆದ ಯೆಹೂದ್ಯರು ಬೆರಗಾದರೆಂದು ಸಂತ ಯೊವಾನ್ನರು ಬರೆದಿದ್ದಾರೆ. ಅವರಿಗೂ ಕಣ್ಣೀರು ನೋಡಿದ ಮೇಲೆಯೇ ತಿಳಿದದ್ದು.

ಅವರು ಬದಲಾದರೆಂದು ನಾನು ಬರೆದರೆ ಅದು ಇನ್ನೊಂದು ಸುಳ್ಳಾದೀತು. ತಿಂಗಳ ಬಲಿಪೂಜೆ ಮುಗಿದ ವಾರವೇ ನನಗೆ ಚೀಟಿ ಬಂತು: ಪ್ರಕಟಣೆಯಲ್ಲಿ ಆಕೆಯ ಹೆಸರಿನ ಕಾಗುಣಿತ ತಪ್ಪಾಗಿತ್ತು. ಈ ಲೇಖನ ಬರೆಯಲು ಅವರ ಅನುಮತಿ ಕೇಳಿದೆ. ಬರೆಯಿರಿ, ಆದರೆ ವ್ಯಾಕರಣ ನೋಡಿಕೊಳ್ಳಿ ಎಂದರು.

ಅನುಮತಿ ಕೇಳಿದ್ದು ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ. ಬೆಳಗಿನ ಜಾವ ಆ ಸಾವಿರ ಮೆಟ್ಟಿಲನ್ನು ಹರಕೆಗೆ ಹತ್ತುವವರು ಹತ್ತುತ್ತಾರೆ, ಸಕ್ಕರೆ ಕಾಯಿಲೆಗೆ ಹತ್ತುವವರೂ ಹತ್ತುತ್ತಾರೆ. ನಾವಿಬ್ಬರೂ ಎರಡನೆಯ ಗುಂಪು. ದೊಡ್ಡ ದೇವರಾಜ ಒಡೆಯರ ಕಾಲದ ಆ ಏಕಶಿಲೆಯ ನಂದಿಯ ಹತ್ತಿರ ಉಸಿರು ತೆಗೆದುಕೊಳ್ಳಲು ಕೂತೆವು. ಕೆಳಗೆ ಮಂಜಿನಲ್ಲಿ ಸಂತ ಫಿಲೋಮಿನಾ ದೇವಾಲಯದ ಜೋಡಿ ಗೋಪುರಗಳು ಮಸುಕಾಗಿ ಕಾಣುತ್ತಿದ್ದವು. ನಾನು ಮಣಿಯ ಕಥೆ ಹೇಳಿದೆ. ಆ ಧಾರಾವಾಹಿಯನ್ನು ಇಬ್ಬರೂ ಒಟ್ಟಿಗೆ ನೋಡುತ್ತಿದ್ದೆವು ಎಂದರು. ಅವಳಿಗೆ ಹಿಂದಿ ಬರುತ್ತಿರಲಿಲ್ಲ, ಪ್ರತಿಯೊಂದು ಮಾತನ್ನೂ ಇವರೇ ಕನ್ನಡದಲ್ಲಿ ಹೇಳಬೇಕಿತ್ತಂತೆ.

ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಆವತ್ತು ನಾನು ಕೇಳಿದ್ದಕ್ಕೆ ನಿಮಗೆ ಉತ್ತರ ಗೊತ್ತಿರಲಿಲ್ಲ, ಅಲ್ಲವಾ ಫಾದರ್?”

“ಗೊತ್ತಿರಲಿಲ್ಲ,” ಎಂದೆ. ಆಮೇಲೆ ಹಬ್ಬದ ರಾತ್ರಿ ಆಕೆ ಹೇಳಿದ್ದನ್ನು, ನಾನು ನಕ್ಕದ್ದನ್ನೂ ಬಿಡದೆ, ಹೇಳಿದೆ.

ಅವರು ಕೊಡೆಯ ತುದಿಯಿಂದ ಕಲ್ಲಿನ ಸಂದಿಯ ಮಣ್ಣನ್ನು ಕೆರೆಯುತ್ತಾ ಕೂತರು. ಮೆಟ್ಟಿಲಿಗೆ ಕುಂಕುಮ ಹಚ್ಚುತ್ತಾ ಬಂದ ಒಬ್ಬ ಹುಡುಗಿ ನಮಗೆ ಕಾಲು ತೆಗೆಯುವಂತೆ ಹೇಳಿದಳು. ಇಬ್ಬರೂ ತೆಗೆದೆವು.

“ನಾನು ಎದ್ದು ಹೋದ ಮೇಲೂ ಅವಳು ಕೂತಿದ್ದಳಾ?”

“ನಾಟಕ ಮುಗಿಯುವವರೆಗೂ.”

“ಮನೆಗೆ ಬಂದವಳು ಚೆನ್ನಾಗಿತ್ತು ಅಂದಳು,” ಎಂದರು. “ಹುಡುಗನ ಮೀಸೆ ಮಾತ್ರ ಸರಿಯಾಗಿ ಬರೆದಿರಲಿಲ್ಲ ಅಂದಳು.” ಮೊಣಕಾಲಿಗೆ ಕೈಯೂರಿ ಎದ್ದರು. “ಬನ್ನಿ ಫಾದರ್, ಬಿಸಿಲೇರುತ್ತೆ.”